ಕ್ಯಾಸೆಟ್ಟಿನೊಳಗಿನ ಅಮಾನತ್ತು

"ಮಾತೆಲ್ಲಾ ತಗದೇನ್ರೀ ಸರ, ಬರೇ ಹಾಡಷ್ಟ ಇಟ್ಟೇನಿ" ಎನ್ನುತ್ತ ಅಂಗಡಿಯ ಹುಡುಗ ಪೆನ್‌ಡ್ರೈವನ್ನು ನಮ್ಮ ಕೈಗಿತ್ತ. ಒಳ್ಳೆಯ ಕೆಲಸ ಮಾಡಿಕೊಟ್ಟ ಸಮಾಧಾನ ಅವನ ಮುಖದಲ್ಲಿತ್ತು. ನಾವೂ ಸಮಾಧಾನದಿಂದಲೇ ಹಣ ಕೊಟ್ಟು ಬಂದೆವು. ಅವನು ತೆಗೆದುಹಾಕಿದ ಮಾತು ಯಾವುದೆಂದು ತಿಳಿದದ್ದು ಆ ರಾತ್ರಿ ಮನೆಯಲ್ಲಿ ಕೇಳಲು ಕೂತಾಗ.

ಎರಡು ವರ್ಷಗಳ ಹಿಂದೆ ಅಬ್ಬಾ ತೀರಿಕೊಂಡರು. ಮನೆಯ ಮಾಡು ಬದಲಾಯಿಸುವ ಕೆಲಸ ಬಂದಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಕೆಳಗಿಳಿಯಿತು. ಅದರೊಳಗೆ ನಲವತ್ತೆರಡು ಕ್ಯಾಸೆಟ್ಟುಗಳು. ಉರ್ದು ಶಾಲೆಯ ಮಾಸ್ತರರಾಗಿದ್ದ ಅಬ್ಬಾ ರಾತ್ರಿ ರೇಡಿಯೋದಲ್ಲಿ ಬರುತ್ತಿದ್ದ ಕವ್ವಾಲಿ, ಗಝಲುಗಳನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಪ್ರತಿಯೊಂದರ ಮೇಲೂ ಮುತ್ತು ಪೋಣಿಸಿದಂತಹ ಉರ್ದು ಅಕ್ಷರದಲ್ಲಿ ಹಾಡಿದವರ ಹೆಸರು, ಕೇಳಿದ ತಾರೀಖು. ಬಹಳ ಇಷ್ಟವಾದ ಕ್ಯಾಸೆಟ್ಟಾದರೆ ಅದರ ಬೆನ್ನಿನ ಮೇಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಚಾಕುವಿನ ತುದಿಯಿಂದ ಮುರಿದುಬಿಡುತ್ತಿದ್ದರು. ಆ ಚಕ್ಕೆ ಹೋದರೆ ಟೇಪಿನ ಮೇಲೆ ಬೇರೆ ಏನನ್ನೂ ರೆಕಾರ್ಡ್ ಮಾಡಲು ಯಂತ್ರ ಒಪ್ಪುವುದಿಲ್ಲ. ದೀನಿನ ಮಾತು ಹೇಳಲು ಊರೂರು ತಿರುಗುವ ಹಿರಿಯರು ಮನೆಗೆ ಬಂದ ದಿನ ಟ್ರಂಕಿನ ಮೇಲೊಂದು ಜಮಖಾನ ಬೀಳುತ್ತಿತ್ತು, ಅವರನ್ನು ಅದರ ಮೇಲೆಯೇ ಕೂರಿಸಲಾಗುತ್ತಿತ್ತು. ಸಂಗೀತ ಹಲಾಲೋ ಹರಾಮೋ ಎಂಬ ವಾದವನ್ನು ಅಬ್ಬಾ ಯಾರೊಂದಿಗೂ ಮಾಡಲಿಲ್ಲ. ನಾವೂ ಇಲ್ಲಿ ಅದಕ್ಕೆ ಇಳಿಯುವುದಿಲ್ಲ.

ಆ ನಲವತ್ತೆರಡರಲ್ಲಿ ಒಂದರ ಕಥೆ ಬೇರೆ. 1989ರ ಬೇಸಿಗೆ ರಜೆ, ನಮಗಾಗ ಹತ್ತು ವರ್ಷ. ಅಬ್ಬಾನ ತಾಯಿ, ನಮ್ಮ ದಾದಿಮಾ, ಇದ್ದದ್ದು ವಿಜಾಪುರದ ಕಡೆಯ ಹಳ್ಳಿಯಲ್ಲಿ. ಚಿಕ್ಕಪ್ಪ ಸೌದಿಯಿಂದ ತಂದಿದ್ದ ಟೂ-ಇನ್-ವನ್ ನಮ್ಮ ಜೊತೆಯಲ್ಲಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ದಾದಿಮಾ ತೊಗರಿ ಒಡೆಯುವುದಕ್ಕೆ, ಗೋಧಿಯ ರವೆಗೆ ಬೀಸುಕಲ್ಲನ್ನೇ ನೆಚ್ಚಿದ್ದರು. ಫಜರ್ ನಮಾಝ್ ಮುಗಿಸಿ ಕಲ್ಲಿನ ಮುಂದೆ ಕೂತರೆಂದರೆ ಕಲ್ಲು ತಿರುಗುವ ಸದ್ದಿನ ಜೊತೆಗೆ ದಖ್ಖನಿಯ ಹಾಡೊಂದು ಮೆಲ್ಲಗೆ ಎದ್ದುಬರುತ್ತಿತ್ತು. ಒಂದು ನಸುಕಿನಲ್ಲಿ ನಾವು ಯಂತ್ರವನ್ನು ಅವರ ಪಕ್ಕದಲ್ಲಿಟ್ಟು ಗುಂಡಿ ಒತ್ತಿದೆವು. ದಾದಿಮಾ ಎರಡು ಸಾಲು ಹಾಡುವಷ್ಟರಲ್ಲಿ ಕೆಂಪು ದೀಪ ನೋಡಿದರು. "ಬಂದ್ ಕರ್ ರೇ ಉಸ್ಕು" ಎಂದರು. ನಿಲ್ಲಿಸೋ ಅದನ್ನು ಎಂದು. ನಾವು ರೇಡಿಯೋದ ಬ್ಯಾಂಡ್ ಬದಲಿಸುವ ಗುಂಡಿಯನ್ನು ಟಕ್ ಎನ್ನಿಸಿ, ಕೆಂಪು ದೀಪದ ಮೇಲೆ ಅಂಗೈ ಇಟ್ಟುಕೊಂಡು ಕೂತೆವು. ನಿಂತಿತೆಂದು ನಂಬಿದ ದಾದಿಮಾ ಮತ್ತೆ ಹಾಡತೊಡಗಿದರು. ಹನ್ನೊಂದು ನಿಮಿಷ. ಅದು ಅಬ್ಬಾನ ಕವ್ವಾಲಿಯ ಕ್ಯಾಸೆಟ್ಟು, ಚಕ್ಕೆ ಮುರಿದಿರಲಿಲ್ಲ. ದಾದಿಮಾನ ಹಾಡು ಮುಗಿದಲ್ಲಿ ಅಳಿಯದೆ ಉಳಿದ ಕವ್ವಾಲಿಯ ಬಾಲ ನಡು ಶಬ್ದದಿಂದ ಶುರುವಾಗುತ್ತದೆ. ಹೀಗೆ ಒಂದೇ ಮುಂಜಾನೆ ನಾವು ಮಾಡಿದ ಕಳವು ಎರಡು.

ದಾದಿಮಾ 1998ರಲ್ಲಿ ಹೋದರು. ಟೇಪು ಇರುವ ವಿಷಯ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಪೆನ್‌ಡ್ರೈವಿನಲ್ಲಿ ಅದು 'ಟ್ರ್ಯಾಕ್ 17' ಆಗಿತ್ತು. ಅಂಗಡಿಯ ಹುಡುಗ "ಬಂದ್ ಕರ್" ಎಂಬುದನ್ನು ಕತ್ತರಿಸಿ ಹಿಂದುಮುಂದಿನ ಹಾಡನ್ನು ನಯವಾಗಿ ಬೆಸೆದಿದ್ದ. ಬೀಸುಕಲ್ಲಿನ ಸದ್ದನ್ನೂ ಸೋಸಿ ತೆಗೆದಿದ್ದ. ನೀರಿನೊಳಗಿಂದ ಬರುವಂತೆ ಕೇಳುವ ಒಂದು ಹೆಣ್ಣು ದನಿ ಉಳಿದಿತ್ತು. ನಡುನಡುವೆ ಅದು ಕಾರಣವಿಲ್ಲದೆ ತಡೆಯುತ್ತಿತ್ತು. ಕಲ್ಲಿನ ಬಾಯಿಗೆ ಮುಷ್ಟಿ ಕಾಳು ಹಾಕುವಾಗಿನ ತಡೆ ಅದು. ಕಲ್ಲೇ ಇಲ್ಲದ ಮೇಲೆ ಉಸಿರು ಸಾಲದ ಮುದುಕಿಯೊಬ್ಬರು ಕಷ್ಟಪಟ್ಟು ಹಾಡಿದಂತೆ ಕೇಳುತ್ತಿತ್ತು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ದಾದಿಮಾ ತಾವಾಗಿಯೇ ಕೂತು, ಮೊಮ್ಮಗನಿಗೆಂದು, ಜಗತ್ತಿಗೆಂದು ಹಾಡಿಕೊಟ್ಟಂತೆ ಆಗಿಬಿಟ್ಟಿತ್ತು.

ಒಂದು ಗಳಿಗೆ ನಮಗೆ ಹಗುರವೆನಿಸಿತು. ಅದನ್ನು ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ಮೂವತ್ತೈದು ವರ್ಷ ಹೊತ್ತುಕೊಂಡಿದ್ದ ಸಣ್ಣ ತಪ್ಪೊಂದನ್ನು ಯಾರೋ ಕೇಳದೆಯೇ ಒರೆಸಿ ಕೊಟ್ಟಿದ್ದರು. ಆಮೇಲೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗಿ ಮೂಲ ಕ್ಯಾಸೆಟ್ಟುಗಳನ್ನೆಲ್ಲ ವಾಪಸು ತಂದೆವು. ಹುಡುಗನನ್ನು ದೂರುವಂತಿರಲಿಲ್ಲ. ಹಾಡು ಬೇಕು, ಗದ್ದಲ ಬೇಡ ಎಂದು ಕೊಟ್ಟವರು ನಾವೇ. ಯಾವುದು ಗದ್ದಲ ಎಂದು ಹೇಳಿರಲಿಲ್ಲ, ಅಷ್ಟೆ.

ಈ ಕೆಲಸವನ್ನು ನಾವೇ ಕಲಿತು ಮಾಡಹೊರಟಾಗ ಗೊತ್ತಾಯಿತು, ಇದರಲ್ಲಿ ಕೈಗಿಂತ ಹೆಚ್ಚಾಗಿ ನಿಯತ್ತಿಗೆ ಕೆಲಸವಿದೆ ಎಂದು. ಸರಿಯಾಗಿ ಇಳಿಸಬೇಕೆಂದರೆ ಅರವತ್ತು ನಿಮಿಷದ ಟೇಪಿಗೆ ಅರವತ್ತು ನಿಮಿಷವೇ ಬೇಕು. ಮೊದಲು ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ಪುಟ್ಟ ತುಂಡು ಗೋಂದು ಒಣಗಿ ಉದುರಿದ್ದರೆ ಟೇಪನ್ನು ಬೇರೆ ಕ್ಯಾಸೆಟ್ಟಿನ ಗೂಡಿಗೆ ಬದಲಾಯಿಸಬೇಕು. ಹೆಡ್ಡು ಕೂದಲೆಳೆಯಷ್ಟು ಓರೆಯಿದ್ದರೂ ದನಿ ಮಬ್ಬಾಗುತ್ತದೆ, ಅದರ ಸ್ಕ್ರೂ ತಿರುಗಿಸುತ್ತ ಕಿವಿಯಿಂದಲೇ ಸರಿಪಡಿಸಬೇಕು. ಆಮೇಲೆ ತಂತಿಯೊಂದರ ಮೂಲಕ ದನಿ ಕಂಪ್ಯೂಟರಿಗೆ ಹರಿಯುತ್ತದೆ. ಅದು ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಸಿ.ಡಿ.ಯ ಲೆಕ್ಕದಲ್ಲಾದರೆ 44,100 ಸಲ. ಇಲ್ಲಿಯವರೆಗೆ ಯಂತ್ರ ಯಾವ ತೀರ್ಪನ್ನೂ ಕೊಡುವುದಿಲ್ಲ, ಬಂದದ್ದನ್ನು ಬಂದಂತೆ ಬರೆಯುತ್ತದೆ.

ತೀರ್ಪು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶವನ್ನು ಬಹಳ ಜನ ಬಳಸುತ್ತಾರೆ. ಅದರಲ್ಲಿ ಗದ್ದಲ ತೆಗೆಯುವ ಕ್ರಮ ಹೀಗಿದೆ: ಹಾಡಿಲ್ಲದ ಒಂದೆರಡು ಸೆಕೆಂಡಿನ ಜಾಗವನ್ನು ಗುರುತುಮಾಡಿ ಯಂತ್ರಕ್ಕೆ ತೋರಿಸಬೇಕು. ಇಗೋ, ಗದ್ದಲವೆಂದರೆ ಇದು ಎಂದು. ಅಂಥದ್ದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದು ತಗ್ಗಿಸಿಬಿಡುತ್ತದೆ. ಅಂದರೆ ಯಂತ್ರಕ್ಕೆ ಸ್ವಂತ ಅಭಿಪ್ರಾಯವಿಲ್ಲ, ನಾವು ಬೆರಳು ತೋರಿಸಿದ್ದು ಅದಕ್ಕೆ ಕಸ. ದಾದಿಮಾ ಹಾಡು ಶುರುಮಾಡುವ ಮೊದಲು ಎರಡು ಸುತ್ತು ಬರೀ ಕಲ್ಲು ತಿರುಗಿತ್ತು. ಹುಡುಗ ಬೆರಳು ತೋರಿಸಿದ್ದು ಅಲ್ಲಿಗೇ ಇರಬೇಕು.

ಈ ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ವಿಜಾಪುರದ ಸೂಫಿ ಪರಂಪರೆಯಲ್ಲಿ ಚಕ್ಕಿನಾಮಾ, ಚರ್ಖಾನಾಮಾ ಎಂಬ ದಖ್ಖನಿ ಪದ್ಯಗಳಿವೆ. ಬೀಸುವಾಗ, ನೂಲುವಾಗ ಹೆಂಗಸರು ಹಾಡುವುದಕ್ಕೆ ಒಗ್ಗುವಂಥವು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ವಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ, ಇಸ್ಲಾಮಿನ ಭಕ್ತಿಯ ಮಾತು ದಖ್ಖನಿನ ಸಾಮಾನ್ಯರ ಮನೆಯೊಳಗೆ ಹೊಕ್ಕಿದ್ದಕ್ಕೆ ಈ ಹಾಡುಗಳೂ, ಅವನ್ನು ಹಾಡಿದ ಹೆಂಗಸರೂ ಕಾರಣ ಎಂದು ವಾದಿಸಿದ್ದಾರೆ. ಚಕ್ಕಿಯ ಹಿಡಿಯನ್ನು ಅಲಿಫ್ ಅಕ್ಷರಕ್ಕೆ ಹೋಲಿಸುವ ಪದ್ಯಗಳು ಅವುಗಳಲ್ಲಿವೆ. ಕಲ್ಲು ಹಾಡಿಗೆ ತಾಳ ಕೊಡುವುದಷ್ಟೇ ಆಗಿದ್ದರೆ ತಬಲಾ ಇಲ್ಲದ ಹಾಡೆಂದು ಸುಮ್ಮನಾಗಬಹುದಿತ್ತು. ಇಲ್ಲಿ ಕಲ್ಲು ಹಾಡಿನ ಅರ್ಥವೇ ಆಗಿದೆ. ಅದನ್ನು ಗದ್ದಲವೆಂದು ತೆಗೆದುಹಾಕಿ ಹಾಡನ್ನು ಉಳಿಸಿದೆವು ಎನ್ನುವುದು ಎಂಥ ಮಾತು!

ಉಳಿತಾಯದ ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ತಂತ್ರಜ್ಞರು ಬೆಳೆಸಿದ ಒಂದು ವಿಧಾನಕ್ಕೆ 1995ರಲ್ಲಿ ಎಂಪಿ3 ಎಂಬ ಬಾಲಂಗೋಚಿ ಅಂಟಿಕೊಂಡಿತು. ಗಟ್ಟಿ ದನಿಯ ಪಕ್ಕದಲ್ಲಿರುವ ಮೆಲುದನಿ ಕಿವಿಗೆ ಬೀಳುವುದಿಲ್ಲ, ಬೀಳದ್ದನ್ನು ಬರೆದಿಡುವುದೇಕೆ ಎಂಬುದು ಅದರ ತರ್ಕ. 128 ಕಿಲೋಬಿಟ್ಟಿನ ಎಂಪಿ3 ಸಿ.ಡಿ.ಯ ಹನ್ನೊಂದನೇ ಒಂದು ಪಾಲಿನಷ್ಟಿರುತ್ತದೆ. ಬಸ್ಸಿನಲ್ಲಿ ಹಾಡು ಕೇಳಲು ಅದು ಧಾರಾಳವಾಗಿ ಸಾಕು. ಆದರೆ ಯಾರ ಕಿವಿ, ಯಾವ ಕಾಲದ ಕಿವಿ ಎಂಬ ಪ್ರಶ್ನೆ ಉಳಿಯುತ್ತದೆ. ಇಂದಿನ ಕಿವಿಗೆ ಬೇಡವಾದದ್ದು ನಾಳೆಯ ಕಿವಿಗೆ ಬೇಕಾದೀತು.

ಇದಕ್ಕೆ ಗೌಹರ್ ಜಾನ್ ಸಾಕ್ಷಿ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆಕೆಯ ದನಿಯನ್ನು ಮುದ್ರಿಸಿಕೊಂಡ. ಆಗ ಮೈಕು ಇರಲಿಲ್ಲ, ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಮಡಚಬೇಕಿತ್ತು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದರು. ಮೇಣದ ಮೂಲ ಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ಅರಗಿನ ತಟ್ಟೆಗಳಾಗುತ್ತಿದ್ದವು. ಹಿಂದುಸ್ತಾನದ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರು ಅಂಟಿಸಬೇಕೆಂದು ಗೊತ್ತಾಗಲೆಂಬುದೇ ಆ ಕೂಗಿನ ಉದ್ದೇಶ. ಅಂದಮೇಲೆ ಅದು ಸಂಗೀತವಲ್ಲ, ಮೂಟೆಯ ಮೇಲೆ ಬರೆದ ವಿಳಾಸವಿದ್ದಂತೆ. ನಮ್ಮ ಅಂಗಡಿಯ ಹುಡುಗನ ಕೈಗೆ ಸಿಕ್ಕಿದ್ದರೆ ಮೊದಲು ಹೋಗುತ್ತಿದ್ದದ್ದೇ ಅದು. ಇವತ್ತು ಆಕೆಯ ತಟ್ಟೆಗಳನ್ನು ಕಂಪ್ಯೂಟರಿನಲ್ಲಿ ಕೇಳುವವರು ಕಾದು ಕೂರುವುದು ಆ ಕೂಗಿಗೇ. ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ತನ್ನ ದನಿ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ತಿಳಿದು, ಕೂಲಿ ಪಡೆದು, ಹೆಸರು ಹೇಳಿ ಹಾಡಿದ ಹೆಂಗಸು ಆಕೆ. ನಮ್ಮ ದಾದಿಮಾ ಯಂತ್ರಕ್ಕೆ ಹೇಳಿದ ಒಂದೇ ಮಾತು ಬೇರೆ.

ತಟ್ಟೆಗಳ ಇನ್ನೊಂದು ಗುಟ್ಟು: 78 ಎಂದು ಕರೆದರೂ ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತು ಸುತ್ತುವಂಥವಲ್ಲ. ವೇಗ ತುಸು ಹೆಚ್ಚಾದರೆ ಶ್ರುತಿ ಏರುತ್ತದೆ, ದನಿ ಎಳೆಯದಾಗುತ್ತದೆ. ಹಾಡಿದವರ ಶ್ರುತಿ ಎಷ್ಟೆಂದು ನಿರ್ಧರಿಸುವವನು, ನೂರು ವರ್ಷದ ನಂತರ, ಇಳಿಸಿಕೊಳ್ಳುತ್ತಿರುವವನು! ಅದಕ್ಕೇ ಬಲ್ಲವರು ಈ ಕೆಲಸದಲ್ಲಿ ಕಟ್ಟುನಿಟ್ಟು ಇಟ್ಟುಕೊಂಡಿದ್ದಾರೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐ.ಎ.ಎಸ್.ಎ.ಯ ಮಾರ್ಗದರ್ಶಿಯ ಪ್ರಕಾರ ಕಾಪಿಡುವ ಪ್ರತಿಯನ್ನು ಸೋಸಬಾರದು, ತಿದ್ದಬಾರದು. ತಿದ್ದುಪಡಿ ಏನಿದ್ದರೂ ಇನ್ನೊಂದು ಪ್ರತಿಯಲ್ಲಿ. ಇಂಟರ್ನೆಟ್ ಆರ್ಕೈವ್ ಸಂಸ್ಥೆ 78ರ ತಟ್ಟೆಗಳನ್ನು ಇಳಿಸಿಕೊಂಡಾಗ ಒಂದೇ ತಟ್ಟೆಯ ಮೇಲೆ ಬೇರೆ ಬೇರೆ ಗಾತ್ರದ ನಾಲ್ಕು ಮುಳ್ಳುಗಳನ್ನು ಒಟ್ಟಿಗೇ ಓಡಿಸಿ, ನಾಲ್ಕು ದನಿಗಳನ್ನೂ ಸೋಸದೆ ಇಟ್ಟುಕೊಂಡಿತು. ಯಾವುದು ಸರಿ ಎಂಬುದನ್ನು ಮುಂದಿನವರು ಹೇಳಲಿ ಎಂಬ ವಿನಯ ಅದರಲ್ಲಿದೆ.

ಹಾಗೆಯೇ ನಾವೂ ಏನನ್ನೂ ಮುಟ್ಟದೆ ಆ ಕ್ಯಾಸೆಟ್ಟನ್ನು ಇಳಿಸಿದೆವು. ಒಂದು ವಿಚಿತ್ರ ಕೇಳಿಸಿತು. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಸಣ್ಣಗೆ ಅಂಟಿಕೊಳ್ಳುವುದುಂಟು. ವರ್ಷಗಟ್ಟಲೆ ಬಿಚ್ಚದೆ ಇಟ್ಟರೆ ಅದು ಇನ್ನೂ ಸ್ಪಷ್ಟ. ದಾದಿಮಾ ಗದರುವುದಕ್ಕೆ ಒಂದೆರಡು ಸೆಕೆಂಡು ಮುಂಚೆಯೇ, ಬಹಳ ದೂರದಿಂದೆಂಬಂತೆ, ಅದೇ "ಬಂದ್ ಕರ್" ಕೇಳುತ್ತದೆ. ಆಮೇಲೆ ನಿಜವಾದದ್ದು. ಟಕ್. ಮತ್ತೆ ಹಾಡು.

ಇಷ್ಟರಲ್ಲಿ ದಮ್ಮಾಮಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಸುದ್ದಿ ಮುಟ್ಟಿತ್ತು. "ಭಾಯಿ, ಇದು ಖಜಾನೆ. ಚಕ್ಕಿನಾಮಾ ಹಾಡೋರು ಈಗ ಎಲ್ಲಿದ್ದಾರೆ? ಇಂಟರ್ನೆಟ್ಟಿಗೆ ಹಾಕೋಣ, ದಾದಿಮಾನ ಹೆಸರು ಉಳಿಯಲಿ" ಎಂದ. ಅವನ ಮಾತಿನಲ್ಲಿ ಪ್ರೀತಿಯಿತ್ತು, ಸತ್ಯವೂ ಇತ್ತು. ಹಾಕುವುದಾದರೆ "ಬಂದ್ ಕರ್" ಸಹಿತ ಹಾಕಬೇಕೇ, ತೆಗೆದು ಹಾಕಬೇಕೇ? ತೆಗೆದರೆ ಸುಳ್ಳಾಡಿದಂತೆ. ಇಟ್ಟರೆ, ಬೇಡವೆಂದವರ ದನಿಯನ್ನು ಬೇಡವೆಂದ ಸಾಕ್ಷಿ ಸಮೇತ ಊರಿಗೆಲ್ಲ ಹಂಚಿದಂತೆ. ಸೋಸುವುದು ತಪ್ಪೆಂದು ತಿಳಿದು ಸೋಸದೆ ಉಳಿಸಿದವರಿಗೆ ಈ ಎರಡನೆಯ ಪ್ರಶ್ನೆ ಕಾದಿರುತ್ತದೆಂದು ನಮಗೆ ಗೊತ್ತಿರಲಿಲ್ಲ.

ಕೇಳದೆ ತೆಗೆದುಕೊಂಡ ದನಿಗಳು ಜಗತ್ತಿನಲ್ಲಿ ಬಹಳ ಇವೆ. ಮೊದಲ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕ ಬ್ರಿಟಿಷ್ ಇಂಡಿಯಾದ ಸೈನಿಕರನ್ನು ಬರ್ಲಿನ್ ಹತ್ತಿರದ ವ್ಯೂನ್ಸ್‌ಡಾರ್ಫಿನ ಅರ್ಧಚಂದ್ರ ಶಿಬಿರದಲ್ಲಿ ಇಟ್ಟಿದ್ದರು. ಮುಸ್ಲಿಂ ಕೈದಿಗಳ ಮನ ಗೆಲ್ಲಲೆಂದು 1915ರಲ್ಲಿ ಅಲ್ಲೊಂದು ಮರದ ಮಸೀದಿಯನ್ನೂ ಕಟ್ಟಿಸಿದರು. ವಿದ್ವಾಂಸರ ಆಯೋಗವೊಂದು 1915ರಿಂದ 1918ರವರೆಗೆ ಶಿಬಿರಗಳಿಗೆ ಹೋಗಿ ಕೈದಿಗಳ ಮಾತು, ಹಾಡು, ಕಥೆಗಳನ್ನು ಮುದ್ರಿಸಿಕೊಂಡಿತು. ಕೈದಿ ಒಲ್ಲೆ ಎನ್ನುವುದು ಎಷ್ಟು ಸಾಧ್ಯವಿತ್ತು? ಅವರಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿನ ಸೈನಿಕ 1916ರಲ್ಲಿ, ಯಾರದೋ ಕಥೆ ಹೇಳುವವನಂತೆ, ಊರಿಗೆ ಮರಳುವ ತನ್ನ ಆಸೆಯನ್ನೇ ಕೊಳವೆಯೊಳಗೆ ಹೇಳಿದ. ಆ ತಟ್ಟೆಗಳು ಈಗ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಫೈಲುಗಳಾಗಿವೆ. ಫಿಲಿಪ್ ಶೆಫ್ನರ್ 2007ರಲ್ಲಿ ಅದರ ಮೇಲೆ ಚಿತ್ರ ಮಾಡಿದರು. ಆಯೋಗದವರು ನಿಯತ್ತಿನ ಬಗ್ಗೆ ತಲೆಕೆಡಿಸಿಕೊಂಡು ಸುಮ್ಮನಿದ್ದಿದ್ದರೆ ಆ ಬಡಪಾಯಿಗಳ ದನಿ ನಮ್ಮ ಕಾಲಕ್ಕೆ ತಲುಪುತ್ತಿರಲಿಲ್ಲ, ನಿಜ. ಆದರೆ ತಲುಪಿತೆಂಬ ಕಾರಣಕ್ಕೆ ಅಂದಿನ ಜುಲುಮೆ ದಾನವಾಗುವುದಿಲ್ಲ. ನಮ್ಮ ತಮ್ಮ ಹೇಳುವ ಖಜಾನೆಯ ಮಾತಿಗೂ ಇದೇ ಉತ್ತರ. ಖಜಾನೆ ಹೌದು. ಯಾರದ್ದು?

ಕಾನೂನಿನ ಪ್ರಕಾರ ಹಾಡುವವರಿಗೂ ಹಕ್ಕಿದೆ. 1994ರ ತಿದ್ದುಪಡಿಯಲ್ಲಿ ಅದು ಬಂತು, 1999ರಲ್ಲಿ ಅವಧಿ 50 ವರ್ಷಕ್ಕೆ ಏರಿತು. ಆದರೆ ಮೊಮ್ಮಗನ ಮೇಲೆ ದಾದಿಮಾನ ಹಕ್ಕನ್ನು ಕೋರ್ಟಿನಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೇ ಅದು ಹೆಚ್ಚು ಭಾರ.

ದಾದಿಮಾ ಏಕೆ ಬೇಡವೆಂದರು? ಕಥೆ ಬರೆಯುವ ಅಭ್ಯಾಸವಿರುವ ನಮಗೆ ಕಾರಣ ಹುಟ್ಟಿಸುವುದು ಕಷ್ಟವಲ್ಲ. ಈ ಟೇಪನ್ನು ಕೇಳಿದ ಒಬ್ಬ ಗೆಳೆಯರು, ಹೆಣ್ಣಿನ ದನಿಯನ್ನು ಅದುಮಿಟ್ಟ ಸಮಾಜ ಅವರ ಬಾಯಲ್ಲಿ ಹಾಗೆ ಹೇಳಿಸಿತು, ಹಾಗಾಗಿ ಆ ಮಾತನ್ನು ಮೀರಿ ಹಾಡನ್ನು ಹೊರಗೆ ತರುವುದೇ ನ್ಯಾಯ ಎಂದರು. ಸಂಬಂಧಿಕರೊಬ್ಬರು ಕೇಳದೆಯೇ, ಎಂಥ ಹಯಾ ಇದ್ದ ಹೆಂಗಸು ನೋಡಿ ಎಂದು ತಲೆದೂಗಿದರು. ಇಬ್ಬರೂ ದಾದಿಮಾನ ಎರಡು ಶಬ್ದವನ್ನು ತಮ್ಮ ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ಹೊತ್ತಿಗೆ ಗಂಟಲು ಸರಿಯಿರಲಿಲ್ಲವೇನೋ. ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆಂದು ಇರಬಹುದು. ಅಬ್ಬಾನ ಕವ್ವಾಲಿ ಅಳಿಯುತ್ತದೆಂದು ಗೊತ್ತಿತ್ತೋ ಏನೋ. ಬೇಡ ಎಂದವರು ಕಾರಣವನ್ನೂ ಕೊಡಬೇಕೆಂಬ ಷರತ್ತು ಎಲ್ಲಿದೆ? ಅವರನ್ನು ಬಿಡಿಸುವ ಹೆಸರಿನಲ್ಲೂ ಕಾಯುವ ಹೆಸರಿನಲ್ಲೂ ಅವರ ಮಾತನ್ನು ಪಕ್ಕಕ್ಕಿಡುವುದು ಬಹಳ ಸುಲಭ.

ಹದೀಸಿನ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದನ್ನು ಯಾರು ಯಾರಿಂದ ಕೇಳಿದರೆಂಬ ಸರಪಳಿಯನ್ನು, ಇಸ್ನಾದನ್ನು, ಪರೀಕ್ಷಿಸುತ್ತಿದ್ದರು. ಕೊಂಡಿಯಲ್ಲಿ ಒಬ್ಬ ಅಪ್ರಾಮಾಣಿಕನಿದ್ದರೆ ಮಾತು ಎಷ್ಟೇ ಚೆಂದವಿದ್ದರೂ ದುರ್ಬಲ. ಅಬ್ಬಾ ಕ್ಯಾಸೆಟ್ಟಿನ ಮೇಲೆ ಹೆಸರು, ತಾರೀಖು ಬರೆಯುತ್ತಿದ್ದದ್ದು ಆ ತರಬೇತಿಯಿಂದಲೇ ಇರಬೇಕು. ಫೈಲಾಗುವಾಗ ಮೊದಲು ಉದುರುವುದು ಈ ಸರಪಳಿ. ಹಳೆಯ ತಟ್ಟೆಗಳಲ್ಲಿ ಸಾರಂಗಿ, ತಬಲಾದವರ ಹೆಸರೇ ಎಷ್ಟೋ ಸಲ ಇಲ್ಲ, ಈಗ ಹಾಡಿದವರೂ 'ಟ್ರ್ಯಾಕ್ 17' ಆಗುತ್ತಾರೆ. ನಾವು ದಾದಿಮಾನ ಫೈಲಿನ ಜೊತೆ ಒಂದು ಪುಟ ಬರೆದಿಟ್ಟೆವು. ಊರು, ವರ್ಷ, ಹೊತ್ತು, ಬೀಸುತ್ತಿದ್ದದ್ದು ತೊಗರಿ ಎಂಬುದು. ಕೊನೆಗೆ, ರೆಕಾರ್ಡ್ ಮಾಡಿದವನು ಸುಳ್ಳು ಹೇಳಿದ್ದ ಎಂಬುದು. ನಮ್ಮದೇ ಇಸ್ನಾದಿನಲ್ಲಿ ಮುರುಕು ಕೊಂಡಿ ನಾವೇ. ಇದನ್ನು ಅಮಾನತ್ತು ಎಂದು ಕರೆಯಲು ಕೂಡ ನಾಲಿಗೆ ತಡೆಯುತ್ತದೆ. ಅಮಾನತ್ತು ಎಂದರೆ ನಂಬಿ ಒಪ್ಪಿಸಿದ್ದು. ಇಲ್ಲಿ ನಂಬಿಕೆ ಇತ್ತು, ಒಪ್ಪಿಸುವುದು ಇರಲಿಲ್ಲ.

ಕೊನೆಗೆ ಕ್ಷಮೆ ಕೇಳಲಾದರೂ ಯಾರಾದರೂ ಬೇಕಲ್ಲ ಎಂದು ಅಬ್ಬಾನ ಅಕ್ಕ, ನಮ್ಮ ಫೂಫಿಯ ಬಳಿಗೆ ಹೋದೆವು. ಎಂಬತ್ತರ ಹತ್ತಿರವಾಗಿದ್ದಾರೆ, ಕಿವಿ ಚುರುಕಾಗಿದೆ. ಸೋಸದ ಫೈಲನ್ನೇ ಕೇಳಿಸಿದೆವು. ಕಲ್ಲಿನ ಸದ್ದಿಗೆ ಅವರ ಬಲಗೈ ತೊಡೆಯ ಮೇಲೆ ತಾನಾಗಿ ಸುತ್ತತೊಡಗಿತು. "ಬಂದ್ ಕರ್" ಬಂದಾಗ ಜೋರಾಗಿ ನಕ್ಕರು. "ನಿನ್ನನ್ನೇ ಬೈತಿದ್ದಾಳೆ. ಇನ್ನೊಮ್ಮೆ ಹಾಕು" ಎಂದರು. ಮೂರು ಸಲ ಅದನ್ನೇ ಹಾಕಿಸಿಕೊಂಡರು.

ತಮ್ಮನ ಬೇಡಿಕೆಯನ್ನು ಹೇಳಿದೆವು. ಫೂಫಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾನ ದನಿ ಕೊಡಬೇಡ. ಅವಳು ಬೇಡ ಅಂದಿದ್ದಾಳೆ. ಹಾಡು ಅವಳೊಬ್ಬಳದಲ್ಲ, ಅವಳ ಅತ್ತೆಯಿಂದ ಬಂದದ್ದು. ಹಾಡು ಬೇಕಾದರೆ ನಾನು ಹಾಡ್ತೀನಿ, ನನ್ನ ಹೆಸರು ಹಾಕು" ಎಂದು ಸೆರಗು ಸರಿಪಡಿಸಿಕೊಂಡು ಕೂತರು. ನಾವು ಮೊಬೈಲನ್ನು ಎದುರಿಗಿಟ್ಟು, ಕೆಂಪು ಗುರುತು ಕಾಣುವಂತೆ ಅವರ ಕಡೆ ತಿರುಗಿಸಿದೆವು. ಮೂರು ನುಡಿ ಆಯಿತು, ನಾಲ್ಕನೆಯದರ ನಡುವೆ ನಿಂತುಬಿಟ್ಟರು. ಎಷ್ಟು ಹುಡುಕಿದರೂ ಮುಂದಿನದು ಬಾಯಿಗೆ ಬರಲಿಲ್ಲ. "ಅಮ್ಮಾನ್ನ ಹಾಕು, ಕಲಿತುಕೋತೀನಿ" ಎಂದರು.

ಅಂದಿನಿಂದ ಭಾನುವಾರ ಭಾನುವಾರ ಹೋಗುತ್ತಿದ್ದೇವೆ. ದಾದಿಮಾನ ಟೇಪಿನಿಂದ ಒಂದೊಂದು ನುಡಿ ಕೇಳಿ ಫೂಫಿ ಬಾಯಿಪಾಠ ಮಾಡುತ್ತಾರೆ. ಮರೆತರೆ ಮುಂದಿನ ವಾರ ಮತ್ತೆ ಅದೇ ನುಡಿ. ಒಟ್ಟು ಹನ್ನೆರಡಿವೆ, ಏಳು ಆಗಿವೆ. ಕಳೆದ ವಾರ ಅವರಿಗೆ ಜ್ವರವಿತ್ತು, ಹಾಡಿಸಲಿಲ್ಲ. ದಮ್ಮಾಮಿನಿಂದ ತಮ್ಮ ಫೋನು ಮಾಡಿ ಎಲ್ಲಿಗೆ ಬಂತು ಭಾಯಿ ಎಂದು ಕೇಳುತ್ತಾನೆ. ಕ್ಯಾಸೆಟ್ಟಿನ ಚಕ್ಕೆಗಳನ್ನು ಚಾಕುವಿನ ತುದಿಯಿಂದ ಮುರಿದು ಟ್ರಂಕಿಗೇ ವಾಪಸು ಇಟ್ಟಿದ್ದೇವೆ.